ಬಿಳಿಯ ಹಕ್ಕಿಯ ಗುರುತು

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಏರಿಯ ಮೇಲೆ ಬೈಗಿನ ಹೊತ್ತಿನಲ್ಲಿ ನಿಂತವರಿಗೆ ಒಂದು ನೋಟವು ತಪ್ಪದೆ ದೊರೆಯುತ್ತದೆ. ಎರಡು ಗುಡ್ಡಗಳ ನಡುವೆ ಕಟ್ಟಿದ ಆ ಏರಿಯ ಹಿಂದೆ ಹರಿದ್ರೆಯ ನೀರು ಕಣ್ಣು ಹಾಯುವವರೆಗೂ ಹಬ್ಬಿರುವುದು. ಮುಂದೆ ಗದ್ದೆ, ಅಡಕೆಯ ತೋಟ. ಹೊತ್ತು ಮುಳುಗುವುದಕ್ಕೆ ಅರ್ಧ ಗಳಿಗೆಯಿರುವಾಗ ಬಯಲಿನ ಕಡೆಯಿಂದ ಬಿಳಿಯ ಹಕ್ಕಿಗಳ ಸಾಲುಗಳು ಒಂದರ ಹಿಂದೊಂದಾಗಿ ಹಾರಿಬಂದು ನೀರಂಚಿನ ಮರಗಳಲ್ಲಿ ಇಳಿಯುತ್ತವೆ. ಇವು ಯಾವ ಹಕ್ಕಿಗಳೆಂದು ಪಕ್ಕದಲ್ಲಿದ್ದವರನ್ನು ಕೇಳಿದರೆ ಬರುವ ಉತ್ತರವು ಒಂದೇ: ಬೆಳ್ಳಕ್ಕಿ. ಇನ್ನೊಬ್ಬರನ್ನು ಕೇಳಿದರೆ ಕೊಕ್ಕರೆ ಎಂದಾರು. ಓದುಬರಹ ಬಲ್ಲವರಾದರೆ ಬಕಪಕ್ಷಿಯೆಂದು ಹೇಳಿ ಸ್ವಲ್ಪ ನಕ್ಕಾರು. ಆದರೆ ಆ ಸಾಲುಗಳಲ್ಲಿ ಹಾರಿಬಂದವು ಒಂದು ಜಾತಿಯವಲ್ಲ, ನಾಲ್ಕು ಜಾತಿಯವು. ನಾಲ್ಕೂ ಬಿಳುಪು, ನಾಲ್ಕಕ್ಕೂ ಉದ್ದ ಕಾಲು, ನಾಲ್ಕೂ ಕೊರಳನ್ನು ಮಡಿಸಿಕೊಂಡು ಹಾರುವುವು. ಇವುಗಳಲ್ಲಿ ಯಾವುದು ಯಾವುದೆಂದು ತಿಳಿಯುವುದು ವಿದ್ವಾಂಸರಿಗೂ ಸುಲಭವಾಗಿರಲಿಲ್ಲವೆಂಬುದೂ, ಆ ತಿಳಿವಿಗೆ ಇನ್ನೂರೈವತ್ತು ವರ್ಷಗಳಿಗೂ ಮೀರಿದ ಒಂದು ಚರಿತ್ರೆ ಇರುವುದೆಂಬುದೂ ವಾಚಕರಲ್ಲಿ ಅನೇಕರಿಗೆ ಹೊಸ ಸಂಗತಿಯಾಗಿ ತೋರಬಹುದು.

ನಮಗೂ ಅದು ಹೊಸದಾಗಿಯೇ ಇತ್ತು. ಕೆಲವು ವರ್ಷಗಳ ಹಿಂದೆ ನಾವು ಇದೇ ಕೆರೆಯ ಅಂಚಿನಲ್ಲಿ ಕುಳಿತು ಹಕ್ಕಿಗಳನ್ನು ಎಣಿಸಿ ಪುಸ್ತಕದಲ್ಲಿ ‘ದೊಡ್ಡ ಬೆಳ್ಳಕ್ಕಿ’, ‘ಚಿಕ್ಕ ಬೆಳ್ಳಕ್ಕಿ’ ಎಂದು ಧೈರ್ಯವಾಗಿ ಬರೆಯುತ್ತಿದ್ದೆವು. ಬಲೆಯನ್ನು ಒಣಹಾಕುತ್ತಿದ್ದ ಬೆಸ್ತರ ಹಿರಿಯರೊಬ್ಬರು ಹತ್ತಿರ ಬಂದು, ನಾವು ಬರೆಯುವುದನ್ನು ಕೇಳಿ ತಿಳಿದುಕೊಂಡು, “ಸ್ವಾಮಿ, ದೊಡ್ಡದು ಚಿಕ್ಕದು ಅಂತ ಹೆಂಗೆ ಬರೀತೀರಿ? ದೂರದಾಗೆ ನಿಂತರೆ ಎಲ್ಲಾ ಒಂದೇ ಕಾಣ್ತಾವೆ. ಅದು ನಿಂತು ಹಿಡಿಯೋದು, ಇದು ಕಾಲು ಆಡ್ಸಿ ಹಿಡಿಯೋದು” ಎಂದರು. ಅವರು ಕೈತೋರಿದ ಹಕ್ಕಿಯು ಕೆಸರಿನಲ್ಲಿ ಒಂದು ಕಾಲನ್ನು ನಡುಗಿಸಿ ನೀರನ್ನು ಕದಡಿ, ಬೆದರಿ ಎದ್ದ ಮೀನನ್ನು ಕುಕ್ಕುತ್ತಿತ್ತು. ಕಾಲನ್ನೆತ್ತಿದಾಗ ಪಾದವು ಅರಿಸಿನದಲ್ಲಿ ಅದ್ದಿದಂತೆ ಹಳದಿಯಾಗಿ ಕಾಣಿಸಿತು. ನಾವು ಅದನ್ನು ‘ದೊಡ್ಡ’ ಎಂಬ ಸಾಲಿನಲ್ಲಿ ಬರೆದಿದ್ದೆವು. ಆ ಹಕ್ಕಿಯು ಸಮೀಪದಲ್ಲಿತ್ತು, ಉಳಿದವು ದೂರದಲ್ಲಿದ್ದವು, ಇಷ್ಟೇ ಕಾರಣ. ಅಂದು ಬರೆದ ಪುಟವನ್ನು ಮನೆಗೆ ಬಂದು ಹೊಡೆದುಹಾಕಿದೆವು. ಈ ಲೇಖನದ ಮೂಲವು ಆ ಹೊಡೆದುಹಾಕಿದ ಪುಟವೇ ಆಗಿರುತ್ತದೆ.

ಮೊದಲು ಮಾತಿನ ವಿಷಯವನ್ನು ನೋಡೋಣ. ‘ಬೆಳ್’ ಎಂಬ ಬಿಳುಪಿನ ಪದಕ್ಕೆ ‘ಪಕ್ಕಿ’ ಸೇರಿ ಹಳಗನ್ನಡದ ಬೆಳ್ವಕ್ಕಿ. ಅದೇ ಇಂದಿನ ಬೆಳ್ಳಕ್ಕಿ. ಇದು ಬಣ್ಣದಿಂದ ಬಂದ ಹೆಸರು. ‘ಕೊಕ್ಕರೆ’ಯಲ್ಲಿ ಕೊಕ್ಕೇ ಮುಂದಾಗಿ ಕೇಳಿಸುವುದಾದರೂ, ಕೊಕ್ಕಿನಿಂದಲೇ ಈ ಹೆಸರು ಹುಟ್ಟಿತೆಂದು ಸಾಧಿಸುವುದು ಅಷ್ಟು ಸುಲಭವಲ್ಲ, ತಮಿಳಿನಲ್ಲಿ ಹಕ್ಕಿಗೇ ಕೊಕ್ಕು ಎಂದು ಹೆಸರು, ತೆಲುಗಿನಲ್ಲಿ ಕೊಂಗ, ತುಳುವಿನಲ್ಲಿ ಕೊರ್ಂಗು. ಇವೆಲ್ಲವೂ ಒಡಹುಟ್ಟಿದ ಮಾತುಗಳೆಂದು ಬರೋ ಮತ್ತು ಎಮನೋ ಎಂಬ ವಿದ್ವಾಂಸರು 1961ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ನಿರುಕ್ತಕೋಶದಲ್ಲಿ ತೋರಿಸಿರುತ್ತಾರೆ. ಹೀಗೆ ದಕ್ಷಿಣದೇಶದ ಜನರು ಉದ್ದ ಕಾಲಿನ, ಉದ್ದ ಕೊಕ್ಕಿನ, ನೀರಂಚಿನ ಹಕ್ಕಿಗಳನ್ನೆಲ್ಲಾ ಒಂದೇ ಮಾತಿನಲ್ಲಿ ಕರೆದರು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಆ ಹೆಸರನ್ನು ತಂದ ಕೊಕ್ಕರೆಯು ನಮ್ಮ ಬೆಳ್ಳಕ್ಕಿಯಲ್ಲ, ಬಣ್ಣದ ಕೊಕ್ಕರೆ. ಅದು ಬೇರೆ ಕುಟುಂಬಕ್ಕೆ ಸೇರಿದುದು, ಕೊರಳನ್ನು ನೀಡಿಕೊಂಡು ಹಾರುವುದು.

ಸಂಸ್ಕೃತದಲ್ಲಿ ಸ್ವಲ್ಪ ಹೆಚ್ಚಿನ ವಿವೇಚನೆಯಿರುವಂತೆ ತೋರುತ್ತದೆ. ಅಮರಸಿಂಹನು ಬಕಕ್ಕೆ ಕಹ್ವವೆಂಬ ಪರ್ಯಾಯವನ್ನು ಹೇಳುತ್ತಾನೆ. ಬಲಾಕೆಯನ್ನು ಬೇರೆಯಾಗಿ ಎಣಿಸಿ ಅದಕ್ಕೆ ಬಿಸಕಂಠಿಕೆ, ಅಂದರೆ ತಾವರೆಯ ದಂಟಿನಂತಹ ಕೊರಳುಳ್ಳುದೆಂಬ ಹೆಸರನ್ನು ಕೊಡುತ್ತಾನೆ. ಕ್ರೌಂಚ, ಸಾರಸ, ಕಂಕ ಇವು ಬೇರೆ ಬೇರೆ. ಆದರೆ ಈ ಹೆಸರುಗಳು ಯಾವ ಯಾವ ಹಕ್ಕಿಗೆ ಸಲ್ಲುವುವೆಂಬುದನ್ನು ಟೀಕಾಕಾರರು ಹೇಳುವುದಿಲ್ಲ. ಹೇಳಬೇಕಾದ ಅಗತ್ಯವು ಅವರಿಗೆ ಇರಲಿಲ್ಲ. ಕೇಳುವವರ ಕಣ್ಣಮುಂದೆ ಹಕ್ಕಿಗಳಿದ್ದವು. ಆ ಕೇಳುವವರು ಹೋದಮೇಲೆ ಹೆಸರುಗಳು ಮಾತ್ರ ಉಳಿದವು. 1985ರಲ್ಲಿ ಹೊರಬಂದ ಕೆ. ಎನ್. ದವೆಯವರ ಸಂಸ್ಕೃತ ಸಾಹಿತ್ಯದ ಪಕ್ಷಿಗಳ ಗ್ರಂಥವು ಈ ಕಗ್ಗಂಟನ್ನು ಬಿಡಿಸಹೊರಟ ಮಹಾಪ್ರಯತ್ನವು. ವಾಲ್ಮೀಕಿಯ ಕ್ರೌಂಚವು ಯಾವ ಹಕ್ಕಿಯೆಂಬ ಒಂದೇ ಪ್ರಶ್ನೆಗೆ 1998ರಲ್ಲಿ ಜೂಲಿಯಾ ಲೆಸ್ಲಿಯೆಂಬ ವಿದುಷಿಯು ದೀರ್ಘವಾದ ಒಂದು ಪ್ರಬಂಧವನ್ನೇ ಬರೆದು, ಅದು ಸಾರಸವೆಂದು ವಾದಿಸಿದರು. ಆದಿಕಾವ್ಯದ ಹುಟ್ಟಿಗೇ ಕಾರಣವಾದ ಹಕ್ಕಿಯ ಗುರುತೂ ಚರ್ಚೆಗೆ ಒಳಗಾಗಿರುವಾಗ ಸೂಳೆಕೆರೆಯ ಬೆಳ್ಳಕ್ಕಿಯ ಗುರುತು ಕಷ್ಟವಾದರೆ ಆಶ್ಚರ್ಯವೇನು?

ಆದರೂ ಹಿಂದಿನವರು ನೋಡಿಯೇ ಇರಲಿಲ್ಲವೆಂದು ಹೇಳುವುದು ಅನ್ಯಾಯವಾದೀತು. ಬಕವೆಂಬ ಹೆಸರಿನೊಡನೆ ಅವರು ಒಂದು ನಡತೆಯನ್ನು ಸೇರಿಸಿದರು. ಪಂಚತಂತ್ರದ ಬಕವು ವ್ರತಸ್ಥನಂತೆ ನಿಂತು ಮೀನುಗಳನ್ನು ವಂಚಿಸುತ್ತದೆ. ಮನುಸ್ಮೃತಿಯು ಕಪಟಾಚಾರಿಗಳನ್ನು ಬಕವ್ರತಿಕರೆಂದು ಕರೆಯುತ್ತದೆ. ನಾವು ಇಂದಿಗೂ ಬಕಧ್ಯಾನವೆನ್ನುತ್ತೇವೆ. ಕಾಲು ಕದಡಿ ಓಡಾಡುವ ಚಿಕ್ಕ ಬೆಳ್ಳಕ್ಕಿಗೆ ಈ ಮಾತು ಹೊಂದಲಾರದು. ದನದ ಹಿಂದೆ ನಡೆಯುವ ಗೋವಕ್ಕಿಗಂತೂ ಧ್ಯಾನದ ಗಂಧವೇ ಇಲ್ಲ. ಗಳಿಗೆಗಟ್ಟಲೆ ಅಲುಗದೆ ನಿಲ್ಲುವುದು ಬೂದು ಬಕ ಮತ್ತು ಕೊಳದ ಬಕ. ಈ ಗಾದೆಗಳನ್ನು ಕಟ್ಟಿದವರ ಮನಸ್ಸಿನಲ್ಲಿದ್ದುದು ಇವುಗಳೇ ಎಂದು ನಮ್ಮ ಊಹೆ. ಬಲಾಕೆಯ ವಿಷಯದಲ್ಲಿಯೂ ಹೀಗೆಯೇ. ಕಾಳಿದಾಸನು ಮೇಘದೂತದಲ್ಲಿ ಬಲಾಕೆಗಳ ಗರ್ಭಾಧಾನಕಾಲವನ್ನು ಮೋಡದೊಡನೆ ಹೊಂದಿಸಿದ್ದಾನೆ. ಇದನ್ನು ಬರಿಯ ಕವಿಸಮಯವೆಂದು ತಳ್ಳಿಬಿಡುವುದು ವಾಡಿಕೆ. ಆದರೆ ನಮ್ಮ ನೆರೆಯ ಶಿವಮೊಗ್ಗ ಜಿಲ್ಲೆಯ ಮಂಡಗದ್ದೆಯಲ್ಲಿ, ತುಂಗೆಯ ನಡುವಣ ನಡುಗಡ್ಡೆಯ ಮರಗಳ ಮೇಲೆ, ಮಳೆಗಾಲದಲ್ಲಿಯೇ ಬೆಳ್ಳಕ್ಕಿಗಳು ನೀರುಕಾಗೆಗಳ ಜತೆಯಲ್ಲಿ ಗೂಡುಕಟ್ಟುವುದನ್ನು ಕಂಡವರು ಕವಿಯನ್ನು ಅಷ್ಟು ಬೇಗ ತಳ್ಳಲಾರರು.

ಇನ್ನು ಪಾಶ್ಚಾತ್ಯರ ವಿಷಯ. ಪ್ರಾಣಿಗಳಿಗೆ ಎರಡು ಪದಗಳ ಶಾಸ್ತ್ರೀಯನಾಮವನ್ನಿಡುವ ಪದ್ಧತಿಯನ್ನು ನಿಲ್ಲಿಸಿದ ಸ್ವೀಡನ್ ದೇಶದ ಲಿನ್ನೇಯಸನು 1758ನೆಯ ಇಸವಿಯ ತನ್ನ ಗ್ರಂಥದಲ್ಲಿ ಬಕಗಳನ್ನೂ ಕೊಕ್ಕರೆಗಳನ್ನೂ ಸಾರಸಗಳನ್ನೂ ‘ಆರ್ಡಿಯ’ ಎಂಬ ಒಂದೇ ಕುಲದಲ್ಲಿ ಸೇರಿಸಿಬಿಟ್ಟನು. ಅಂದರೆ ಆ ಮಹಾಪಂಡಿತನ ಆರ್ಡಿಯವೂ ನಮ್ಮ ರೈತರ ಕೊಕ್ಕರೆಯೂ ವಿಸ್ತಾರದಲ್ಲಿ ಸರಿಸಮಾನವಾಗಿದ್ದವು! ಇದಕ್ಕಿಂತ ಸ್ವಾರಸ್ಯವಾದುದು ಗೋವಕ್ಕಿಯ ಕಥೆ. ಲಿನ್ನೇಯಸನ ಶಿಷ್ಯನಾದ ಹಾಸೆಲ್ಕ್ವಿಸ್ಟನು ಈಜಿಪ್ಟಿಗೆ ಹೋಗಿ, ಅಲ್ಲಿನ ಗೋವಕ್ಕಿಯನ್ನು ಕಂಡು, ಪುರಾತನ ಈಜಿಪ್ಟರು ಪೂಜಿಸುತ್ತಿದ್ದ ಐಬಿಸ್ ಪಕ್ಷಿಯು ಇದೇ ಎಂದು ಭ್ರಮಿಸಿದನು. ಗುರುವು ಅದನ್ನು ನಂಬಿ ‘ಆರ್ಡಿಯ ಐಬಿಸ್’ ಎಂದು ನಾಮಕರಣ ಮಾಡಿದನು. ತಪ್ಪು ತಿಳಿದಮೇಲೂ ಹೆಸರು ಹೋಗಲಿಲ್ಲ. ನಾಮಕರಣಶಾಸ್ತ್ರದಲ್ಲಿ ಮೊದಲಿಟ್ಟ ಹೆಸರೇ ಸ್ಥಿರ. ನಮ್ಮ ಪೂರ್ವದೇಶದ ಗೋವಕ್ಕಿಗೆ ಚೋಳಮಂಡಲದ ಕರಾವಳಿಯ ಮಾದರಿಯಿಂದ 1783ರಲ್ಲಿ ಬೊಡ್ಡಾರ್ಟನು ‘ಕೊರಮಾಂಡ’ವೆಂಬ ಹೆಸರನ್ನಿಟ್ಟನು. ಪಶ್ಚಿಮದ ಐಬಿಸ್ಸೂ ಪೂರ್ವದ ಕೊರಮಾಂಡವೂ ಒಂದೇ ಜಾತಿಯೋ ಎರಡೋ ಎಂಬ ವಾದವು ನಮ್ಮ ಕಾಲದವರೆಗೂ ನಡೆದುಬಂದು, ಈಗ ಎರಡೆಂಬ ಪಕ್ಷವು ಬಲವಾಗಿರುವುದು.

ನಿಜವಾದ ತೊಡಕಿರುವುದು ಮೂರು ಬೆಳ್ಳಕ್ಕಿಗಳಲ್ಲಿ. ದೊಡ್ಡದನ್ನು ಲಿನ್ನೇಯಸನು 1758ರಲ್ಲಿ ‘ಆಲ್ಬ’, ಬಿಳಿಯದು, ಎಂದನು. ಚಿಕ್ಕದನ್ನು 1766ರಲ್ಲಿ ಅದರ ಇಟಾಲಿಯ ಹೆಸರಿನಿಂದಲೇ ‘ಗಾರ್ಜೆಟ್ಟ’ ಎಂದನು. ಇವೆರಡರ ನಡುವೆ ಮೂರನೆಯದೊಂದು ಇರುವುದೆಂಬುದು ಶಾಸ್ತ್ರದ ಹೆಸರಾಗಿ ನಿಲ್ಲುವುದಕ್ಕೆ ಇನ್ನೂ 63 ವರ್ಷಗಳು ಹಿಡಿದವು. ಜರ್ಮನ್ ಪಂಡಿತನಾದ ವಾಗ್ಲರನು 1829ರಲ್ಲಿ ಜಾವಾದ್ವೀಪದ ಹಕ್ಕಿಯನ್ನು ವಿವರಿಸಿ ಅದಕ್ಕೆ ‘ಇಂಟರ್ಮೀಡಿಯ’, ಅಂದರೆ ನಡುವಣದು, ಎಂದು ಹೆಸರಿಟ್ಟನು. ತನ್ನದೇ ಆದ ಒಂದು ಗುಣದಿಂದ ಹೆಸರು ಪಡೆಯದೆ, ಇತ್ತ ಅದಲ್ಲ, ಅತ್ತ ಇದಲ್ಲ ಎಂಬುದರಿಂದಲೇ ಹೆಸರು ಪಡೆದ ಹಕ್ಕಿಯಿದು. ಮಂಡಗದ್ದೆಯಲ್ಲಿ ಗೂಡುಕಟ್ಟುವ ಬೆಳ್ಳಕ್ಕಿಗಳಲ್ಲಿ ಮುಖ್ಯವಾದುದು ಈ ನಡುವಣದೇ.

ದಖನ್ನಿನ ಪಾಲಿಗೆ ಒಂದು ಗೌರವವು ಸಲ್ಲಬೇಕು. ಮುಂಬಯಿ ಸರ್ಕಾರದ ಅಂಕಿಅಂಶಗಳನ್ನು ಸಂಗ್ರಹಿಸುವ ಅಧಿಕಾರಿಯಾಗಿದ್ದ ಕರ್ನಲ್ ಸೈಕ್ಸನು ಜಮೀನು, ಬೆಳೆ, ಜನಸಂಖ್ಯೆಗಳೊಡನೆ ಹಕ್ಕಿಗಳನ್ನೂ ಬರೆದುಕೊಂಡು ಹೋದನು. 1832ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಮುಂದೆ ಅವನಿಟ್ಟ ಪಟ್ಟಿಯಲ್ಲಿ ಕೊಳದ ಬಕವು ಮೊದಲ ಬಾರಿಗೆ ಶಾಸ್ತ್ರೀಯನಾಮವನ್ನು ಪಡೆಯಿತು. ಜಾನ್ ಎಡ್ವರ್ಡ್ ಗ್ರೇ ಎಂಬ ವಿದ್ವಾಂಸನ ನೆನಪಿಗಾಗಿ ‘ಗ್ರೇಯಿಯೈ’ ಎಂದು. ನಮ್ಮ ಪ್ರತಿಯೊಂದು ಹಳ್ಳಿಯ ಗುಂಡಿ ನೀರಿನ ಬಳಿಯೂ ಕುಳಿತಿರುವ ಈ ಹಕ್ಕಿಯು ಪಂಡಿತರ ಕಣ್ಣಿಗೆ ಅಷ್ಟು ತಡವಾಗಿ ಬಿದ್ದುದಕ್ಕೆ ಕಾರಣವಿದೆ. ಕುಳಿತಿರುವಾಗ ಅದು ಕೆಸರಿನ ಬಣ್ಣದ ಗೆರೆಗೆರೆಯ ಮುದ್ದೆ. ಎದ್ದು ಹಾರಿದರೆ ಪಕ್ಕನೆ ಬೆಳ್ಳಗೆ ಬೆಳಗುವ ರೆಕ್ಕೆ. ಕುಳಿತುದನ್ನೂ ಹಾರಿದುದನ್ನೂ ಎರಡು ಹಕ್ಕಿಗಳೆಂದು ತಿಳಿದವರುಂಟು. ಇದಕ್ಕೆ ಕಣ್ಣು ಕಾಣದೆಂದು ಜನರು ನಂಬಿದ್ದರಿಂದ ತಮಿಳರು ಕುರುಡು ಕೊಕ್ಕು ಎಂದರು. ಹಿಂದಿಯಲ್ಲಿಯೂ ಇದು ಅಂಧಾ ಬಗಲಾ. ಕಾಲಿಗೆ ತಗಲುವಷ್ಟು ಹತ್ತಿರಕ್ಕೆ ಹೋಗುವವರೆಗೂ ಅದು ಏಳದಿರುವುದೇ ಈ ನಂಬಿಕೆಗೆ ಮೂಲ. ಕುರುಡು ಅದರದಲ್ಲ, ಅದನ್ನು ಕಾಣದೆ ಹತ್ತಿರಕ್ಕೆ ಹೋದ ನಮ್ಮದು.

ಮುಂದೆ ಮದರಾಸಿನ ವೈದ್ಯಾಧಿಕಾರಿ ಜೆರ್ಡನನ ‘ಭಾರತದ ಪಕ್ಷಿಗಳು’ 1862ರಿಂದ 1864ರೊಳಗೆ ಮೂರು ಸಂಪುಟಗಳಾಗಿ ಬಂದಿತು. ಬ್ಲ್ಯಾನ್‌ಫೋರ್ಡನು 1898ರಲ್ಲಿ ಬರೆದ ಸಂಪುಟದಲ್ಲಿ ಬೆಳ್ಳಕ್ಕಿಗಳು ‘ಹೆರೋಡಿಯಾಸ್’ ಕುಲದವು. 1929ರ ಸ್ಟೂವರ್ಟ್ ಬೇಕರನ ಸಂಪುಟದಲ್ಲಿ ಅವೇ ‘ಎಗ್ರೆಟ್ಟ’ ಕುಲದವು. ಮೈಸೂರು ಸಂಸ್ಥಾನದ ಪಕ್ಷಿಗಳ ಪರಿಶೀಲನೆಯನ್ನು ಸಲೀಂ ಆಲಿಯವರು 1939–40ರಲ್ಲಿ ನಡೆಸಿ, ಅದರ ವರದಿಯನ್ನು ಮುಂಬಯಿ ನಿಸರ್ಗಚರಿತ್ರೆ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯವು, ಜಗಳೂರು ಚಿತ್ರದುರ್ಗದ್ದು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಮೂರೂ ಒಂದಾದವು. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದುದು ಅದಕ್ಕೂ ಈಚೆಗೆ. ಹಕ್ಕಿಗಳ ಕುಲದಂತೆ ನಮ್ಮ ಊರುಗಳ ಕುಲವೂ ಬದಲಾಯಿಸುತ್ತಲೇ ಬಂದಿರುವುದು.

ಇಷ್ಟರವರೆಗೆ ಇದು ಪಂಡಿತರ ಮನೆಯ ಜಗಳವೆಂದು ವಾಚಕರು ತಿಳಿಯಬಹುದು. ಆದರೆ ಇದೇ ಕಾಲದಲ್ಲಿ ಬೆಳ್ಳಕ್ಕಿಯ ಗುರುತಿನ ಪ್ರಶ್ನೆಯು ಪ್ರಾಣದ ಪ್ರಶ್ನೆಯಾಗಿ ಪರಿಣಮಿಸಿತು. ಗೂಡುಕಟ್ಟುವ ಕಾಲದಲ್ಲಿ ಈ ಹಕ್ಕಿಗಳ ಬೆನ್ನಿನ ಮೇಲೆ ನೂಲಿನಂತೆ ಎಳೆಯೆಳೆಯಾದ ಗರಿಗಳು ಹುಟ್ಟುತ್ತವೆ. ಐರೋಪ್ಯ ಮತ್ತು ಅಮೆರಿಕದ ಸ್ತ್ರೀಯರ ಟೋಪಿಗಳಿಗೆ ಇವು ಅಲಂಕಾರವಾದವು. ತೂಕಕ್ಕೆ ತೂಕ ಬಂಗಾರಕ್ಕಿಂತ ಹೆಚ್ಚಿನ ಬೆಲೆಗೆ ಮಾರಾಟವಾದವು. ಗರಿಯಿರುವುದು ಮರಿಯಿರುವ ಕಾಲದಲ್ಲಿ ಮಾತ್ರ. ಆದುದರಿಂದ ಗರಿಗಾಗಿ ಕೊಂದ ಪ್ರತಿಯೊಂದು ಹಕ್ಕಿಯ ಹಿಂದೆ ಗೂಡಿನಲ್ಲಿ ಹಸಿದು ಸಾಯುವ ಮರಿಗಳಿದ್ದವು. ಇಂಗ್ಲೆಂಡಿನ ವರ್ತಕರು ಈ ಗರಿಗೆ ಬೆಳ್ಳಕ್ಕಿಯ ಹೆಸರನ್ನೇ ಹೇಳುತ್ತಿರಲಿಲ್ಲ. ‘ಆಸ್ಪ್ರೆ’ ಎಂದು ಕರೆಯುತ್ತಿದ್ದರು. ಆಸ್ಪ್ರೆಯೆಂಬುದು ಮೀನು ಹಿಡಿಯುವ ಒಂದು ಡೇಗೆಯ ಹೆಸರು. ಇನ್ನು ಕೆಲವರು ಅದು ಕೃತಕವಾದ ಗರಿಯೆಂದು ಹೇಳಿ ಮಾರಿದರು. ಪಂಡಿತರು ತಿಳಿಯದೆ ಮಾಡಿದ ಹೆಸರಿನ ತಪ್ಪನ್ನು ವರ್ತಕರು ತಿಳಿದೇ ಮಾಡಿದರು. ಕೊಳ್ಳುವವಳ ಮನಸ್ಸಿಗೆ ಕೊಲೆಯ ಯೋಚನೆಯು ಬಾರದಿರಲೆಂದು.

ಇದನ್ನು ಎದುರಿಸಿದವರು ಹೆಚ್ಚಾಗಿ ಸ್ತ್ರೀಯರೇ ಎಂಬುದು ಸ್ಮರಣೀಯವು. 1889ರಲ್ಲಿ ಮ್ಯಾಂಚೆಸ್ಟರಿನ ಬಳಿ ಎಮಿಲಿ ವಿಲಿಯಂಸನ್ ಎಂಬಾಕೆಯು ಆರಂಭಿಸಿದ ಸಂಘವೇ ಮುಂದೆ ಬ್ರಿಟನ್ನಿನ ಪಕ್ಷಿರಕ್ಷಣೆಯ ರಾಜಸಂಸ್ಥೆಯಾಯಿತು. ಅಲೆಕ್ಸಾಂಡ್ರಾ ರಾಣಿಯು 1906ರಲ್ಲಿ ತಾನು ಈ ಗರಿಯನ್ನು ಧರಿಸುವುದಿಲ್ಲವೆಂದು ತಿಳಿಸಿದಳು. ಭಾರತ ಸರ್ಕಾರವು ಹಕ್ಕಿಗಳ ಚರ್ಮ ಮತ್ತು ಗರಿಗಳ ರಫ್ತನ್ನು 1902ರಲ್ಲಿಯೇ ನಿಷೇಧಿಸಿತ್ತು. ಬ್ರಿಟನ್ನಿನಲ್ಲಿ ಆಮದನ್ನು ತಡೆದುದು 1921ರ ಕಾಯಿದೆಯಿಂದ. ಕಳುಹಿಸುವ ಬಾಗಿಲು ಮುಚ್ಚಿ ಕೊಳ್ಳುವ ಬಾಗಿಲು ಹತ್ತೊಂಬತ್ತು ವರ್ಷ ತೆರೆದೇ ಇದ್ದುದರಿಂದ ಕಳ್ಳಸಾಗಣೆಯು ಬೆಳೆಯಿತು. ಸಿಂಧ್ ಪ್ರಾಂತದಲ್ಲಂತೂ ಚಿಕ್ಕ ಬೆಳ್ಳಕ್ಕಿಗಳನ್ನು ಕೋಳಿಗಳಂತೆ ಸಾಕಿ, ಗರಿ ಬಂದಾಗಲೆಲ್ಲಾ ಕೀಳುತ್ತಿದ್ದರು. 1914ರಲ್ಲಿ ಈ ಸಾಕಣೆಯ ವಿಷಯವಾಗಿ ಮುಂಬಯಿಯ ನಿಸರ್ಗಚರಿತ್ರೆ ಪತ್ರಿಕೆಯಲ್ಲಿ ಲೇಖನವೇ ಬಂದಿತು. ಸಾಕಿದ ಹಕ್ಕಿಯ ಗರಿಯನ್ನೂ ಕೊಂದ ಹಕ್ಕಿಯ ಗರಿಯನ್ನೂ ಬಂದರಿನ ಅಧಿಕಾರಿಯು ನೋಡಿ ಬೇರೆಮಾಡಲಾರನು. ಕೊನೆಗೆ ಈ ವ್ಯಾಪಾರವನ್ನು ನಿಲ್ಲಿಸಿದುದು ಕಾನೂನೊಂದೇ ಅಲ್ಲ. ಟೋಪಿಯ ಫ್ಯಾಷನ್ನೂ ಬದಲಾಯಿತು. ಧರ್ಮಬುದ್ಧಿಗೇ ಯಶಸ್ಸನ್ನೆಲ್ಲಾ ಕಟ್ಟುವುದು ನಮಗೆ ಸರಿದೋರುವುದಿಲ್ಲ.

ಆ ಗರಿಯೇ ಗುರುತಿನ ಕೀಲಿಕೈ ಎಂಬುದು ಈ ಕಥೆಯ ವಿಲಕ್ಷಣವಾದ ಭಾಗ. ದೊಡ್ಡ ಬೆಳ್ಳಕ್ಕಿಗೆ ಗರಿಯು ಬೆನ್ನಿನ ಮೇಲೆ ಮಾತ್ರ. ನಡುವಣದಕ್ಕೆ ಬೆನ್ನಿನ ಮೇಲೂ ಎದೆಯ ಮೇಲೂ. ಚಿಕ್ಕದಕ್ಕೆ ಬೆನ್ನು, ಎದೆಗಳಲ್ಲದೆ ತಲೆಯ ಹಿಂದೆ ಜುಟ್ಟಿನಂತೆ ಇಳಿಬಿದ್ದ ಎರಡು ಉದ್ದ ಗರಿಗಳು. ಗೋವಕ್ಕಿಗೆ ತಲೆ, ಕೊರಳು, ಬೆನ್ನುಗಳು ಕಿತ್ತಳೆಗೆಂಪಿನಿಂದ ತುಂಬುತ್ತವೆ. ಮಳೆಗಾಲದಲ್ಲಿ ಇಷ್ಟನ್ನು ನೋಡಿದರೆ ಮಕ್ಕಳೂ ನಾಲ್ಕನ್ನೂ ಬೇರ್ಪಡಿಸಿಯಾರು. ಗೂಡಿನ ಕಾಲ ಮುಗಿದೊಡನೆ ಗರಿಗಳು ಉದುರುತ್ತವೆ, ಬಣ್ಣವು ಹೋಗುತ್ತದೆ, ನಾಲ್ಕೂ ಬರಿಯ ಬಿಳಿಯ ಹಕ್ಕಿಗಳಾಗಿಬಿಡುತ್ತವೆ. ಮೇಲಾಗಿ ಕೊಕ್ಕೂ ಮೋಸಮಾಡುತ್ತದೆ. ದೊಡ್ಡದರ ಕೊಕ್ಕು ಸಾಮಾನ್ಯ ಕಾಲದಲ್ಲಿ ಹಳದಿ. ಗೂಡಿನ ಕಾಲದಲ್ಲಿ ಕಪ್ಪು. ನಡುವಣದೂ ಹಾಗೆಯೇ. ಚಿಕ್ಕದರ ಕೊಕ್ಕು ಮಾತ್ರ ಸದಾ ಕಪ್ಪು. ಆದುದರಿಂದ ‘ಕಪ್ಪು ಕೊಕ್ಕಿನದು ಚಿಕ್ಕದು’ ಎಂಬ ಸೂತ್ರವನ್ನು ಹಿಡಿದು ಮಳೆಗಾಲದಲ್ಲಿ ಹೊರಟವನು ದೊಡ್ಡದನ್ನೂ ಚಿಕ್ಕದೆಂದು ಬರೆದುಬಿಡುವನು. ಕೋಶವನ್ನು ಬಾಯಿಪಾಠಮಾಡಿದವನ ಗತಿಯೇ ಇದು.

ಅಳತೆಯನ್ನು ಹೇಳೋಣವೆಂದರೆ ದೊಡ್ಡದು ಸುಮಾರು 36 ಅಂಗುಲ, ನಡುವಣದು ಸುಮಾರು 27, ಚಿಕ್ಕದು 24, ಗೋವಕ್ಕಿ 20. ನಡುವಣದಕ್ಕೂ ಚಿಕ್ಕದಕ್ಕೂ ಇರುವ ಮೂರು ಅಂಗುಲದ ಅಂತರವನ್ನು ಕೆರೆಯ ಆಚೆಯ ದಡದಲ್ಲಿ ನಿಂತ ಹಕ್ಕಿಯಲ್ಲಿ ಅಳೆಯುವ ಕಣ್ಣು ಯಾರಿಗಿದೆ? ಒಂಟಿಯಾಗಿ ನಿಂತ ಹಕ್ಕಿಗೆ ಅಳತೆಯೇ ಇಲ್ಲ. ಆದರೂ ಕೆಲವು ನಂಬತಕ್ಕ ಗುರುತುಗಳುಂಟು. ಅವುಗಳಲ್ಲಿ ಶ್ರೇಷ್ಠವಾದುದು ಬಾಯಿಯ ಸೀಳು. ದೊಡ್ಡದರಲ್ಲಿ ಕೊಕ್ಕಿನ ಬುಡದಿಂದ ಹೊರಟ ಗೆರೆಯು ಕಣ್ಣನ್ನು ದಾಟಿ ಹಿಂದಕ್ಕೆ ಹೋಗುತ್ತದೆ. ನಡುವಣದರಲ್ಲಿ ಕಣ್ಣಿನ ಕೆಳಗೇ ನಿಲ್ಲುತ್ತದೆ. ಇದು ಋತುವಿನೊಡನೆ ಬದಲಾಗುವುದಿಲ್ಲ, ವಯಸ್ಸಿನೊಡನೆಯೂ ಬದಲಾಗುವುದಿಲ್ಲ. ಎರಡನೆಯದು ಕೊರಳು: ದೊಡ್ಡದರ ಕೊರಳು ಮೈಗಿಂತ ಉದ್ದವಾಗಿ ನಡುವೆ ಮುರಿದಂತೆ ಕೊಂಕಿರುವುದು, ನಡುವಣದರದು ನಯವಾಗಿ ಬಾಗಿರುವುದು, ಕೊಕ್ಕೂ ಗಿಡ್ಡ, ತಲೆಯೂ ದುಂಡು. ಚಿಕ್ಕದರ ಗುರುತು ಕಪ್ಪು ಕಾಲಿನ ತುದಿಯ ಹಳದಿ ಪಾದ. ಬೆಸ್ತರ ಹಿರಿಯರು ನಮಗೆ ತೋರಿದುದು ಇದನ್ನೇ. ಆದರೆ ಪಾದವು ಕೆಸರಿನಲ್ಲಿದ್ದರೆ ಅದೂ ಕಾಣದು. ಮರಿಹಕ್ಕಿಯಲ್ಲಿ ಕೊಕ್ಕು ಮಸುಕಾಗಿ, ಕಾಲು ಹಸುರಾಗಿ ಇನ್ನೂ ತೊಂದರೆ. ಗೋವಕ್ಕಿಯು ಚಳಿಗಾಲದಲ್ಲಿ ಬೆಳ್ಳಗಿದ್ದರೂ ಅದರ ಗಿಡ್ಡ ಹಳದಿ ಕೊಕ್ಕೂ, ಕೊಕ್ಕಿನ ಕೆಳಗೆ ಗದ್ದದಂತೆ ಉಬ್ಬಿದ ಗರಿಯೂ, ನಡೆವಾಗ ಮುಂದಕ್ಕೂ ಹಿಂದಕ್ಕೂ ತೂಗುವ ತಲೆಯೂ ಅದನ್ನು ಬಿಟ್ಟುಕೊಡುತ್ತವೆ.

ಬೂದು ಬಕಕ್ಕೂ ಕೆನ್ನೀಲಿ ಬಕಕ್ಕೂ ಬೆಳಕಿದ್ದಾಗ ಗೊಂದಲವಿಲ್ಲ. ಬೂದು ಬಕವು ಬಯಲಿನಲ್ಲಿ ನಿಲ್ಲುವುದು. ಕೆನ್ನೀಲಿ ಬಕವು ಜೊಂಡಿನೊಳಗೆ ಹಾವಿನಂತಹ ಕೊರಳನ್ನು ಮಾತ್ರ ಹೊರಗೆ ಚಾಚುವುದು. ಮಬ್ಬಿನಲ್ಲಿ ಹಾರುವಾಗ ಕೆನ್ನೀಲಿಯ ಮಡಿಸಿದ ಕೊರಳು ಹೆಚ್ಚು ಜೋತುಬಿದ್ದು, ಪಾದಗಳು ದೊಡ್ಡವಾಗಿ ಕಾಣುತ್ತವೆ. ಇರುಳು ಬಕದ ಮರಿಯು ಕಂದುಬಣ್ಣದ ಮೇಲೆ ಬಿಳಿಯ ಚುಕ್ಕೆಗಳಿಂದ ಕೂಡಿರುವುದರಿಂದ ಕೊಳದ ಬಕವೆಂದು ಮೋಸಹೋಗುವವರುಂಟು. ಕಣ್ಣಿಗೆ ಮಿತಿಯೂ ಇದೆ: ಕೊಳದ ಬಕಕ್ಕೆ ಚೀನಾದೇಶದಲ್ಲಿ ಒಬ್ಬ ದಾಯಾದಿಯಿರುವುದು, ಮಳೆಗಾಲದ ವೇಷ ಕಳಚಿದಮೇಲೆ ಇವೆರಡನ್ನು ಬಯಲಿನಲ್ಲಿ ಬೇರೆಮಾಡುವುದು ನುರಿತವರಿಗೂ ಸಾಧ್ಯವಿಲ್ಲ.

ಬಿಳುಪೆಂಬ ಬಣ್ಣವು ಎಷ್ಟರ ಮಟ್ಟಿಗೆ ನಮ್ಮನ್ನು ವಂಚಿಸಿತೆಂಬುದು ಈಚೆಗೆ ಇನ್ನೂ ಸ್ಪಷ್ಟವಾಗಿರುತ್ತದೆ. ಪೇಯ್ನ್ ಮತ್ತು ರಿಸ್ಲಿಯವರು 1976ರಲ್ಲಿ ಬಕಗಳ ಎಲುಬುಗಳನ್ನು ಹೋಲಿಸಿದರು. ಶೆಲ್ಡನ್ನರು 1987ರಲ್ಲಿ ಡಿ.ಎನ್.ಎ. ಎಂಬ ವಂಶದ್ರವ್ಯವನ್ನು ಹೋಲಿಸಿದರು. ಇದರಿಂದ ದೊಡ್ಡ ಬೆಳ್ಳಕ್ಕಿಯು ಚಿಕ್ಕ ಬೆಳ್ಳಕ್ಕಿಗಿಂತ ಬೂದು ಬಕಕ್ಕೆ ಹತ್ತಿರದ ನೆಂಟನೆಂದು ಗೊತ್ತಾಯಿತು. ಗೋವಕ್ಕಿಯೂ ಆ ಕಡೆಯದೇ. ಈಗಿನ ಕೆಲವು ಪಟ್ಟಿಗಳು ಅದನ್ನೂ ಆರ್ಡಿಯ ಕುಲಕ್ಕೆ ಸೇರಿಸಿವೆ. ಹೀಗೆ ಹೆರೋಡಿಯಾಸ್, ಎಗ್ರೆಟ್ಟ ಮೊದಲಾದ ಮನೆಗಳನ್ನು ಸುತ್ತಿದ ದೊಡ್ಡ ಬೆಳ್ಳಕ್ಕಿಯು ಲಿನ್ನೇಯಸನು ಮೊದಲು ಇಟ್ಟಲ್ಲಿಗೇ ಹಿಂದಿರುಗಿತು. ಬೆಳ್ಳಕ್ಕಿಯೆಂಬುದು ಒಂದು ಕುಲವೇ ಅಲ್ಲ. ಬೇರೆ ಬೇರೆ ಕವಲುಗಳು ತೊಟ್ಟ ಒಂದೇ ಬಣ್ಣದ ಉಡುಪು. ಕರಾವಳಿಯ ಬಂಡೆಬಕವೆಂಬುದು ಒಂದೇ ಜಾತಿಯಲ್ಲಿ ಬೂದುಗಪ್ಪಾಗಿಯೂ ಅಚ್ಚಬಿಳುಪಾಗಿಯೂ ಹುಟ್ಟುವುದನ್ನು ನೆನೆದರೆ ಬಣ್ಣದ ಮಾತನ್ನು ಎಷ್ಟು ನಂಬಬೇಕೆಂಬುದು ಹೊಳೆದೀತು.

ಈಗ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಹಿಂದಿರುಗೋಣ. ಹಕ್ಕಿಗಳ ಗುರುತು ಇಲ್ಲಿ ಏಕೆ ಬೇಕು? ನೀರಹಕ್ಕಿಗಳ ಏಷ್ಯಾ ಗಣತಿಯು 1987ರಿಂದ ವರ್ಷವರ್ಷವೂ ಜನವರಿಯಲ್ಲಿ ನಡೆದುಬರುತ್ತಿದೆ. ಉತ್ತರದ ವಲಸೆಹಕ್ಕಿಗಳನ್ನು ಎಣಿಸಲು ಜನವರಿಯೇ ತಕ್ಕುದು. ಆದರೆ ಬೆಳ್ಳಕ್ಕಿಗಳಿಗೆ ಅದೇ ಗುರುತಿಲ್ಲದ ಕಾಲ: ಗರಿಯಿಲ್ಲ, ಜುಟ್ಟಿಲ್ಲ, ಕಿತ್ತಳೆಯಿಲ್ಲ. ಆಗ ಎಣಿಸುವವನು ಎಲ್ಲವನ್ನೂ ಬೆಳ್ಳಕ್ಕಿಯೆಂದು ಕೂಡಿಸಿ ಬರೆದರೆ ಮೊತ್ತವು ಸರಿಯಾಗಿಯೇ ಇರುತ್ತದೆ, ಅರ್ಥವು ತಪ್ಪುತ್ತದೆ. ಗೋವಕ್ಕಿಯು ಕೆರೆಯನ್ನು ನಂಬಿದ ಹಕ್ಕಿಯಲ್ಲ. ಉಳುವ ಹೊಲ, ಮೇಯುವ ದನ, ಪಟ್ಟಣದ ಕಸದ ರಾಶಿ, ಎಲ್ಲಿಯೂ ಹುಳವನ್ನು ಹಿಡಿದು ಬದುಕುವುದು. ಅದು ಆಫ್ರಿಕದಿಂದ ಸಾಗರವನ್ನೇ ದಾಟಿ ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಅಮೆರಿಕವನ್ನು ಹೊಕ್ಕು, 1953ರಲ್ಲಿ ಫ್ಲಾರಿಡಾದಲ್ಲಿ ಗೂಡುಕಟ್ಟಿದ ಸಾಹಸಿ. ನಡುವಣ ಬೆಳ್ಳಕ್ಕಿಗಾದರೋ ಆಳವಿಲ್ಲದ ನೀರೂ, ಹುಲ್ಲಿನ ಜೌಗೂ, ಕೆಡದ ಗದ್ದೆಯೂ ಬೇಕು. ಒಂದು ಕೆರೆಯಂಚಿನಲ್ಲಿ ನಡುವಣದು ನೂರು ಕಡಮೆಯಾಗಿ ಗೋವಕ್ಕಿ ನೂರು ಹೆಚ್ಚಾದರೆ, ‘ಬೆಳ್ಳಕ್ಕಿ’ಯ ಲೆಕ್ಕದಲ್ಲಿ ಏನೂ ಆಗಲಿಲ್ಲವೆಂದೇ ಬರುವುದು. ಕೆರೆಯು ಕೆಟ್ಟಿತೆಂಬ ಸುದ್ದಿಯನ್ನು ಹೇಳಬೇಕಾದ ಹಕ್ಕಿಯ ಬಾಯನ್ನು ನಮ್ಮ ಹೆಸರೇ ಮುಚ್ಚಿಬಿಡುತ್ತದೆ.

ಸೂಳೆಕೆರೆಯು 6,550 ಎಕರೆಗಳಷ್ಟು ವಿಸ್ತಾರವಾದುದು. ಸಿದ್ಧನಾಲೆ, ಬಸವನಾಲೆಗಳಿಂದ ಕೆಳಗಿನ ಬಯಲಿಗೆ ನೀರನ್ನು ಕೊಡುವುದು. ಅಲ್ಲಿ ನಾಲ್ಕು ಜಾತಿಗಳೂ ಒಂದೇ ದಿನ ಕಾಣಸಿಗುವುದರಿಂದ ಕಣ್ಣನ್ನು ಪಳಗಿಸುವುದಕ್ಕೆ ಅದೇ ಪಾಠಶಾಲೆ. ಹೊನ್ನಾಳಿಯ ತುಂಗಭದ್ರೆಯಲ್ಲಿ ಬೇಸಗೆಯ ಮರಳದಿಣ್ಣೆಗಳ ನಡುವೆ ದೊಡ್ಡದು ಒಂಟಿಯಾಗಿ ನಿಂತಿರುವುದನ್ನೂ, ಚಿಕ್ಕದು ಓಡಾಡುವುದನ್ನೂ ಸೇತುವೆಯ ಮೇಲಿಂದಲೇ ನೋಡಬಹುದು. ನ್ಯಾಮತಿಯ ಕಡೆ ಸವಳಂಗದ ಕೆರೆ ಮತ್ತು ಗದ್ದೆಗಳಲ್ಲಿ ನಡುವಣದನ್ನು ಹುಡುಕಬೇಕು. ಜಗಳೂರಿನ ಮಾತೇ ಬೇರೆ. ಅದು ಕೊಂಡುಕುರಿಯ ನಾಡು, ಕುರಿಹಟ್ಟಿಗಳ ನಾಡು. ಮಳೆ ಕಡಮೆ, ಕೆರೆಗಳು ವರ್ಷಗಟ್ಟಲೆ ಬತ್ತಿರುತ್ತಿದ್ದವು. ಅಲ್ಲಿ ಬೆಳ್ಳಕ್ಕಿಯೆಂದರೆ ಬಹುಮಟ್ಟಿಗೆ ಕುರಿ ದನಗಳ ಹಿಂದಿನ ಗೋವಕ್ಕಿಯೇ. ಈಗ ತುಂಗಭದ್ರೆಯಿಂದ ನೀರನ್ನೆತ್ತಿ ಆ ತಾಲ್ಲೂಕಿನ 57 ಕೆರೆಗಳನ್ನು ತುಂಬಿಸುವ ಯೋಜನೆಯು ನಡೆದಿರುವುದು. ಒಣಗಿದ ಕೆರೆಗೆ ನೀರು ಬಂದಾಗ ಮೊದಲು ಯಾವ ಹಕ್ಕಿಯು ಬಂದಿತು, ಎಷ್ಟು ವರ್ಷದ ಮೇಲೆ ಯಾವುದು ನೆಲೆನಿಂತಿತು ಎಂಬುದನ್ನು ಮೊದಲಿನಿಂದ ಬರೆದಿಡುವ ಅವಕಾಶವು ಯಾವ ನಾಡಿಗೂ ಮೇಲಿಂದಮೇಲೆ ಒದಗುವುದಿಲ್ಲ. ಬರೆಯುವವರು ಅಲ್ಲಿನ ಶಾಲೆಯ ಉಪಾಧ್ಯಾಯರೂ ಮಕ್ಕಳೂ ಆದರೆ ಸಾಕು. ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಇದ್ದರೆ ಕನ್ನಡದಲ್ಲಿಯೇ ಆರಂಭಿಸಬಹುದು. ಒಂದು ಸಾಧಾರಣ ದುರ್ಬೀನೂ ಬೇಕು.

ಗಣತಿಯ ನಮೂನೆಯಲ್ಲಿ ಗುರುತಿಸಲಾಗದ ಹಕ್ಕಿಗಳಿಗೆಂದು ಒಂದು ಸಾಲಿರುತ್ತದೆ. ಹೊಸಬರು ಆ ಸಾಲನ್ನು ತುಂಬುವುದಕ್ಕೆ ನಾಚುತ್ತಾರೆ, ನಾವೂ ನಾಚಿದ್ದೆವು. ಈಗ ಹಳೆಯ ಪುಸ್ತಕವನ್ನು ತೆಗೆದು, ಬಾಯಿಯ ಸೀಳನ್ನೋ ಪಾದವನ್ನೋ ಕಂಡು ಬರೆದುದೆಂದು ನೆನಪಿರುವ ಸಾಲುಗಳನ್ನು ಮಾತ್ರ ಉಳಿಸಿಕೊಂಡು, ಮಿಕ್ಕ ಪುಟಗಳಲ್ಲಿ ‘ದೊಡ್ಡ’, ‘ಚಿಕ್ಕ’ ಎಂಬ ಮಾತುಗಳನ್ನು ಹೊಡೆದು, ಅಂಕೆಯನ್ನು ಹಾಗೆಯೇ ಬಿಟ್ಟು, ಪಕ್ಕದಲ್ಲಿ ‘ಗುರುತಾಗದ ಬೆಳ್ಳಕ್ಕಿ’ ಎಂದು ಬರೆಯುತ್ತಿದ್ದೇವೆ. ಅರ್ಧ ಪುಸ್ತಕವು ಮುಗಿದಿದೆ.